ನೆಗಡಿ ಮಾತ್ರೆಯ ಮಂಪರು

ಈ ಮೇಜಿನ ಮೇಲೆ ಐದು ಔಷಧಗಳನ್ನು ತಂದಿಟ್ಟಿದ್ದೇನೆ. ಹಿಂದಿನ ಸಾಲಿನವರಿಗೆ ಕಾಣುವಷ್ಟು ದೊಡ್ಡವೇನಲ್ಲ, ಹಾಗಾಗಿ ಒಂದೊಂದನ್ನೇ ಎತ್ತಿ ಹಿಡಿದು ಹೇಳುತ್ತೇನೆ. ತೊಗರಿಕಾಳಿನಷ್ಟಿರುವ ಈ ಮಾತ್ರೆ 4 ಮಿಲಿಗ್ರಾಂನ ಕ್ಲೋರ್‌ಫೆನಿರಮಿನ್. ಆಸ್ಪತ್ರೆಯಲ್ಲೂ ಅಂಗಡಿಯಲ್ಲೂ ಇದನ್ನು ಸಿಪಿಎಂ ಎಂದೇ ಕರೆಯುತ್ತಾರೆ. ಇದು ಅವಿಲ್, ಅಂದರೆ ಫೆನಿರಮಿನ್. ಇದು ಘಾಟಿಯ ಬಸ್ಸು ಹತ್ತುವ ಮುಂಚೆ ನುಂಗುವ ವಾಂತಿ ಮಾತ್ರೆ, ಒಳಗಿರುವುದು ಪ್ರೊಮೆಥಜೀನ್. ಇದು ತುರಿಕೆಗೆ ಬರೆದುಕೊಡುವ ಹೈಡ್ರಾಕ್ಸಿಜೀನ್. ಈ ಬಾಟಲಿ ಮಕ್ಕಳ ಶೀತದ ಸಿರಪ್ಪು, ಇದರಲ್ಲಿಯೂ ಮೊದಲು ತೋರಿಸಿದ ಸಿಪಿಎಂ ಇದೆ. ನೆಗಡಿ, ಪಿತ್ತದ ಗಂಧೆ, ಬಸ್ಸಿನ ವಾಂತಿ, ತುರಿಕೆ, ಮಗುವಿನ ಶೀತ ಎಂದು ನಾವು ಇವನ್ನು ಕೊಳ್ಳುವ ಕಾರಣಗಳು ಬೇರೆ ಬೇರೆ. ಆದರೆ ಐದೂ ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ ಎಂಬ ವಸ್ತುವನ್ನು ತಡೆಯುವ ಔಷಧಗಳು, ಮಿದುಳಿಗೆ ಹೋದ ಮೇಲೆ ಇವು ಮಾಡುವ ಕೆಲಸ ಒಂದೇ. ಇವತ್ತು ನನ್ನ ಮಾತು ಆ ಕೆಲಸದ ಬಗ್ಗೆ.

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ನಾನು 26 ವರ್ಷ ನಿಂತಿದ್ದೇನೆ. ಆ ಕಿಟಕಿಯಲ್ಲಿ ಎರಡು ಮಾತುಗಳನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಒಂದು, "ಹೋದ ಸಲ ಕೊಟ್ಟಿದ್ರಲ್ಲ ಸಾರ್, ಆ ಮಾತ್ರೆ ಪವರ್ ಇತ್ತು, ನುಂಗಿದ ಕೂಡಲೇ ನಿದ್ದೆ, ಅದನ್ನೇ ಕೊಡಿ." ಇನ್ನೊಂದು, "ನನಗೆ ಇಂಥ ಮಾತ್ರೆಗೆಲ್ಲ ನಿದ್ದೆ ಬರಲ್ಲ, ನುಂಗಿ ಗಾಡಿ ಓಡಿಸ್ತೀನಿ, ಏನೂ ಆಗಲ್ಲ." ಮೊದಲನೆಯವರು ನಿದ್ದೆ ಬಂದದ್ದನ್ನು ಮದ್ದು ಹಿಡಿದದ್ದರ ಗುರುತೆಂದು ತಿಳಿದಿದ್ದಾರೆ, ಎರಡನೆಯವರು ನಿದ್ದೆ ಬಾರದ್ದರಿಂದ ಮದ್ದು ತಮ್ಮ ತಲೆಯನ್ನು ಮುಟ್ಟಿಯೇ ಇಲ್ಲವೆಂದು ತಿಳಿದಿದ್ದಾರೆ. ಎರಡೂ ತಪ್ಪು ತಿಳಿವಳಿಕೆಗಳು, ಮತ್ತು ಈ ಔಷಧಗಳಿಂದ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇವೆರಡರಿಂದಲೇ ಹುಟ್ಟಿದವು. ಅವುಗಳಲ್ಲಿ ಒಂದು ನನ್ನ ಸ್ವಂತ ಮನೆಯಲ್ಲಿಯೇ ನಡೆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಹಿಸ್ಟಮಿನ್ ನಮ್ಮ ದೇಹವೇ ತಯಾರಿಸಿಕೊಳ್ಳುವ ವಸ್ತು. ಬ್ರಿಟನ್ನಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ 1910ರಲ್ಲಿ ಅದರ ಪರಿಣಾಮಗಳನ್ನು ವಿವರಿಸಿದರು. ಪರಾಗವೋ ದೂಳೋ ಜೇನಿನ ವಿಷವೋ, ಮೈಗೆ ಒಗ್ಗದ್ದು ಏನಾದರೂ ತಗುಲಿದಾಗ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಹಿಸ್ಟಮಿನ್ನನ್ನು ಹೊರಚೆಲ್ಲುತ್ತವೆ. ಕೋಶಗಳ ಮೇಲೆ ಅದನ್ನು ಹಿಡಿದುಕೊಳ್ಳುವ ತಾಣಗಳಿವೆ, ಅವುಗಳಿಗೆ ಗ್ರಾಹಕ ಎನ್ನುತ್ತಾರೆ; ಎಚ್-1 ಎಂಬ ಗ್ರಾಹಕಗಳ ಮೇಲೆ ಅದು ಹೋಗಿ ಕೂತಾಗ ರಕ್ತನಾಳ ಹಿಗ್ಗಿ ಚರ್ಮ ಕೆಂಪೇರುತ್ತದೆ, ದದ್ದು ಏಳುತ್ತದೆ, ಮೂಗು ಸೋರುತ್ತದೆ, ಸೀನು ಬರುತ್ತದೆ. ಇಷ್ಟನ್ನು ನೀವು ಕೇಳಿರುತ್ತೀರಿ. ಮಿದುಳಿನಲ್ಲಿಯೂ ಹಿಸ್ಟಮಿನ್ ಇದೆ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಮಿದುಳಿನ ತಳದಲ್ಲಿ, ಹೈಪೊಥಲಮಸ್ ಎಂಬ ಭಾಗದ ಹಿಂಬದಿಯಲ್ಲಿ, ಹಿಸ್ಟಮಿನ್ ತಯಾರಿಸುವ ನರಕೋಶಗಳ ಒಂದು ಸಣ್ಣ ಗುಂಪಿದ್ದು ಅಲ್ಲಿಂದ ಹೊರಟ ಎಳೆಗಳು ಮಿದುಳಿನ ಬಹುತೇಕ ಎಲ್ಲ ಭಾಗಗಳನ್ನೂ ತಲುಪುತ್ತವೆ. ನಾವು ಎಚ್ಚರವಿದ್ದಾಗ ಆ ಕೋಶಗಳು ಚುರುಕಾಗಿರುತ್ತವೆ, ನಿದ್ರಿಸುವಾಗ ಸುಮ್ಮನಾಗುತ್ತವೆ. ನಮ್ಮನ್ನು ಎಚ್ಚರವಾಗಿಡುವುದು, ಗಮನ ಜಾರದಂತೆ ನೋಡಿಕೊಳ್ಳುವುದು ಅಲ್ಲಿನ ಹಿಸ್ಟಮಿನ್ನಿನ ಕೆಲಸ. ಮೂಗಿನ ಎಚ್-1 ಗ್ರಾಹಕವನ್ನು ಮುಚ್ಚಲೆಂದು ನುಂಗಿದ ಮಾತ್ರೆ ಮಿದುಳಿಗೂ ಹೊಕ್ಕರೆ ಅಲ್ಲಿನ ಎಚ್-1 ಗ್ರಾಹಕವನ್ನೂ ಹಾಗೆಯೇ ಮುಚ್ಚುತ್ತದೆ. ಜೋರಾಗಿ ನಿದ್ದೆ ಬಂತೆಂದರೆ ಮಾತ್ರೆ ಮೂಗಿನ ಮೇಲೆ ಜೋರಾಗಿ ಕೆಲಸ ಮಾಡಿತೆಂದು ಅರ್ಥ ಮಾಡಬೇಡಿ. ನಮಗೆ ಬೇಕಿಲ್ಲದ ಜಾಗಕ್ಕೂ ಅದು ಹೋಗಿದೆ ಎಂದಷ್ಟೇ ಅದರ ಅರ್ಥ.

ನೆಗಡಿಯ ವಿಷಯಕ್ಕೆ ಬಂದರೆ ಈ 'ಪವರ್' ಇನ್ನೂ ಕಡಿಮೆ. ವೈರಸ್ಸಿನಿಂದ ಬರುವ ನೆಗಡಿಗೆ ಆಂಟಿಹಿಸ್ಟಮಿನ್ ಒಂದನ್ನೇ ಕೊಟ್ಟು ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ದೊಡ್ಡವರಿಗೆ ಮೊದಲ ಒಂದೆರಡು ದಿನ ಸ್ವಲ್ಪ ಹಿತವೆನಿಸುತ್ತದೆ. ಆಮೇಲೆ ನುಂಗಿದವರಿಗೂ ನುಂಗದವರಿಗೂ ವ್ಯತ್ಯಾಸವಿಲ್ಲ. ಮೂಗು ಒಣಗಿದಂತಾಗುವುದು ಬಹುಮಟ್ಟಿಗೆ ಹಿಸ್ಟಮಿನ್ನನ್ನು ತಡೆದದ್ದರಿಂದಲ್ಲ. ಈ ಹಳೆಯ ಔಷಧಗಳು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ವಸ್ತುವನ್ನೂ ತಡೆಯುತ್ತವೆ, ಅದರಿಂದ ಮೂಗಿನ ಜೊತೆಗೆ ಬಾಯಿಯೂ ಒಣಗುತ್ತದೆ. ಆ ಅಸಿಟೈಲ್‌ಕೋಲಿನ್ ಎಂಬ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ವಯಸ್ಸಾದವರ ಬಗ್ಗೆ ಹೇಳುವಾಗ ಮತ್ತೆ ಬೇಕಾಗುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲು ಅವಕಾಶ ಕೊಡಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟಾಬ್ 1937ರಲ್ಲಿ ಹಿಸ್ಟಮಿನ್ನಿಗೆ ತಡೆಯಾಗುವ ಮೊದಲ ವಸ್ತುವನ್ನು ತೋರಿಸಿಕೊಟ್ಟರು. ಅದು ಮನುಷ್ಯರಿಗೆ ಕೊಡುವಂಥದ್ದಾಗಿರಲಿಲ್ಲ. ಮನುಷ್ಯರಿಗೆ ಕೊಡಬಹುದಾದ ಮೊದಲ ಔಷಧ 1942ರಲ್ಲಿ ಫ್ರಾನ್ಸಿನಲ್ಲಿಯೇ ಬಳಕೆಗೆ ಬಂತು. ಬೊವೆಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಷ್ಟರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ರೀವ್‌ಶಲ್ ಡೈಫೆನ್‌ಹೈಡ್ರಮಿನ್ ತಯಾರಿಸಿದ್ದರು, ಅದು 1946ರಲ್ಲಿ ಬೆನಡ್ರಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗಂಧೆಗೆಂದು ಅದೇ ಜಾತಿಯ ಔಷಧ ಪಡೆಯುತ್ತಿದ್ದ ಒಬ್ಬ ಮಹಿಳೆ, ಟ್ರಾಮಿನಲ್ಲಿ ಕೂತರೆ ಬರುತ್ತಿದ್ದ ಹೊಟ್ಟೆ ತೊಳಸು ಈಗ ಬರುತ್ತಿಲ್ಲವೆಂದು ವೈದ್ಯರಿಗೆ ಹೇಳಿದರು. ನಮ್ಮವರು ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ವಾಂತಿ ಮಾತ್ರೆ ನುಂಗುವ ರೂಢಿಯ ಹಿಂದೆ ಆ ಮಹಿಳೆ ಗಮನಿಸಿ ಹೇಳಿದ ಮಾತಿದೆ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಪ್ರೊಮೆಥಜೀನ್ ಕೊಟ್ಟ ರೋಗಿಗಳು ಶಸ್ತ್ರಚಿಕಿತ್ಸೆಗೆ ಮುಂಚೆ ವಿಚಿತ್ರವಾಗಿ ಶಾಂತರಾಗಿರುವುದನ್ನು ಫ್ರಾನ್ಸಿನ ಶಸ್ತ್ರವೈದ್ಯ ಆನ್ರಿ ಲಬೊರಿ ಗಮನಿಸಿದರು. ಅದೇ ರಾಸಾಯನಿಕ ಕುಟುಂಬದಲ್ಲಿ ಹುಡುಕುತ್ತ ಹೋಗಿ 1950ರಲ್ಲಿ ಕ್ಲೋರ್‌ಪ್ರೊಮಜೀನ್ ಸಿದ್ಧವಾಯಿತು, ಸ್ಕಿಜೋಫ್ರೇನಿಯಾಕ್ಕೆ ಮೊದಲ ಪರಿಣಾಮಕಾರಿ ಔಷಧ ಅದು. ಮನೋರೋಗದ ಚಿಕಿತ್ಸೆಯನ್ನೇ ಬದಲಿಸಿದ ಔಷಧ ಹುಟ್ಟಿದ್ದು ನಾವು ಬಸ್ಸಿನ ವಾಂತಿಗೆ ನುಂಗುವ ಮಾತ್ರೆಯ ಬಳಗದಲ್ಲಿ. ಈ ಮಾತ್ರೆಗಳು ಮಿದುಳಿಗೆ ಎಷ್ಟು ಹತ್ತಿರದವು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಹಾಗಾದರೆ ಮಿದುಳಿಗೆ ಹೋಗದ ಆಂಟಿಹಿಸ್ಟಮಿನ್ ಇಲ್ಲವೇ ಎಂದು ಕೇಳಬಹುದು. ಇವೆ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯಲ್ಲಿ, ಒಳನುಗ್ಗಿದ ಕೆಲವು ವಸ್ತುಗಳನ್ನು ಮತ್ತೆ ಹೊರಕ್ಕೆ ದಬ್ಬುವ ಪ್ರೋಟೀನುಗಳಿವೆ. ಹೊಸ ತಲೆಮಾರಿನ ಔಷಧಗಳನ್ನು ಅವು ಹೊರದಬ್ಬುತ್ತವೆ, ಸಿಪಿಎಂನಂಥ ಹಳೆಯವು ಸಲೀಸಾಗಿ ದಾಟಿಹೋಗುತ್ತವೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಕಝುಹಿಕೊ ಯಾನಾಯ್ ಮತ್ತು ಸಂಗಡಿಗರು ಪೆಟ್ ಸ್ಕ್ಯಾನಿನಿಂದ ಇದನ್ನು ಅಳೆದು ನೋಡಿದ್ದಾರೆ. ಸಿಪಿಎಂನ ಸಾಮಾನ್ಯ ಪ್ರಮಾಣ ಮಿದುಳಿನ ಎಚ್-1 ಗ್ರಾಹಕಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಮುಚ್ಚುತ್ತದೆ. ಫೆಕ್ಸೊಫೆನಡಿನ್ ಮುಚ್ಚುವುದು ಹೆಚ್ಚುಕಡಿಮೆ ಶೂನ್ಯ. ನಮ್ಮಲ್ಲಿ ಮನೆಮನೆಯಲ್ಲಿರುವ ಸೆಟಿರಿಜಿನ್ ನಡುವಿನದು, 10 ಮಿಲಿಗ್ರಾಂ ನುಂಗಿದರೆ ಸುಮಾರು ಎಂಟನೆಯ ಒಂದು ಭಾಗ, 20 ನುಂಗಿದರೆ ಅದರ ಎರಡರಷ್ಟು. ಸೆಟಿರಿಜಿನ್ ನಿದ್ದೆ ಬರಿಸುವುದೇ ಇಲ್ಲವೆಂದು ಹೇಳಿ ಮಾರುವವರಿದ್ದಾರೆ, ಅದು ಸರಿಯಲ್ಲ. ಅಮೆರಿಕದಲ್ಲಿ ಆ ಔಷಧದ ಅಧಿಕೃತ ವಿವರಣೆಯಲ್ಲಿಯೇ ನೂರಕ್ಕೆ ಸುಮಾರು 14 ಜನರಿಗೆ ಮಂಪರು ಬಂದದ್ದು ದಾಖಲಾಗಿದೆ, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಆ ಸಂಖ್ಯೆ 6.

ಹೊಸತೆಲ್ಲ ನಿರಪಾಯವೆಂದು ಹೇಳಿಬಿಟ್ಟರೂ ತಪ್ಪಾಗುತ್ತದೆ. ಮಂಪರು ತಾರದ ಮೊದಲ ಔಷಧಗಳಲ್ಲಿ ಒಂದಾದ ಟರ್ಫೆನಡಿನ್, ಎರಿಥ್ರೊಮೈಸಿನ್ ಅಥವಾ ಕೀಟೊಕೊನಜೋಲ್‌ನಂಥ ಔಷಧಗಳ ಜೊತೆ ಸೇರಿದಾಗ ಹೃದಯದ ಬಡಿತವನ್ನು ಪ್ರಾಣಾಪಾಯವಾಗುವಷ್ಟು ಏರುಪೇರು ಮಾಡುತ್ತಿತ್ತು. ಅದನ್ನು ಕೈಬಿಟ್ಟು, ದೇಹದಲ್ಲಿ ಅದು ಬದಲಾಗಿ ಆಗುವ ಫೆಕ್ಸೊಫೆನಡಿನ್ನನ್ನೇ ಔಷಧವಾಗಿ ತಂದರು. ಅಂದಹಾಗೆ ಫೆಕ್ಸೊಫೆನಡಿನ್ನನ್ನು ನೀರಿನಲ್ಲಿಯೇ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ.

ಈಗ ಎರಡನೆಯ ಮಾತಿಗೆ, "ನನಗೆ ನಿದ್ದೆ ಬರಲ್ಲ" ಎಂಬುದಕ್ಕೆ ಬರುತ್ತೇನೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಪರಾಗದ ಅಲರ್ಜಿಯಿದ್ದ 40 ಜನರನ್ನು ಕಾರಿನಂತೆಯೇ ಇರುವ ಯಂತ್ರದೊಳಗೆ ಕೂರಿಸಿ, ಎದುರಿಗೆ ಪರದೆಯ ಮೇಲೆ ರಸ್ತೆ ತೋರಿಸಿ ಓಡಿಸಲು ಹೇಳಿದರು. ಪ್ರತಿಯೊಬ್ಬರೂ ನಾಲ್ಕು ಬೇರೆ ಬೇರೆ ದಿನ ಬಂದರು: ಒಂದು ದಿನ 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್, ಒಂದು ದಿನ ಫೆಕ್ಸೊಫೆನಡಿನ್, ಒಂದು ದಿನ ಮದ್ಯ, ಒಂದು ದಿನ ಹುಸಿಮಾತ್ರೆ. ಮದ್ಯವನ್ನು ರಕ್ತದಲ್ಲಿ ಶೇಕಡಾ 0.1ರಷ್ಟಾಗುವಂತೆ ಕೊಟ್ಟಿದ್ದರು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03, ಆ ಪ್ರಯೋಗದ ಮದ್ಯ ಅದರ ಮೂರು ಪಟ್ಟಿಗಿಂತ ಹೆಚ್ಚು. ಮುಂದಿನ ವಾಹನದ ವೇಗ ಹೆಚ್ಚುಕಡಿಮೆಯಾದಂತೆ ತಾವೂ ಹೊಂದಿಸಿಕೊಳ್ಳುವ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಓಡಿಸಿದ್ದು ಮದ್ಯ ಕುಡಿದ ದಿನವಲ್ಲ, ಆಂಟಿಹಿಸ್ಟಮಿನ್ ನುಂಗಿದ ದಿನ. ಫೆಕ್ಸೊಫೆನಡಿನ್ ನುಂಗಿದ ದಿನಕ್ಕೂ ಹುಸಿಮಾತ್ರೆಯ ದಿನಕ್ಕೂ ವ್ಯತ್ಯಾಸ ಕಾಣಲಿಲ್ಲ.

ಆ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಅಂಶ. ಓಡಿಸುವ ಮುಂಚೆ ಮತ್ತು ಓಡಿಸಿದ ಮೇಲೆ, ನಿಮಗೆ ಎಷ್ಟು ಮಂಪರಿದೆ ಎಂದು ಅವರನ್ನೇ ಕೇಳಿದ್ದರು. ಅವರು ಹೇಳಿದ ಮಂಪರಿಗೂ ಅವರು ಓಡಿಸಿದ ರೀತಿಗೂ ಸರಿಯಾದ ತಾಳೆಯೇ ಇರಲಿಲ್ಲ. ಮಂಪರಿಲ್ಲ ಎಂದವರೂ ಕೆಟ್ಟದಾಗಿ ಓಡಿಸಿದ್ದರು. ತೂಕಡಿಕೆ ಬೇರೆ, ಮಂಕು ಬೇರೆ. ತೂಕಡಿಕೆ ಬಂದರೆ ರೆಪ್ಪೆ ಭಾರವಾಗಿ ನಮಗೇ ತಿಳಿಯುತ್ತದೆ, ಗಾಡಿ ಪಕ್ಕಕ್ಕೆ ಹಾಕುತ್ತೇವೆ. ಮಂಕು ತಿಳಿಯುವುದಿಲ್ಲ, ಯಾಕೆಂದರೆ ತಿಳಿಯಬೇಕಾದ ಮಿದುಳೇ ಮಂಕಾಗಿರುತ್ತದೆ. ಬ್ರೇಕಿನ ಮೇಲೆ ಕಾಲು ಹೋಗುವುದು ಅರೆಕ್ಷಣ ತಡವಾಗುತ್ತದೆ, ಅಷ್ಟೇ. ಆ ಅರೆಕ್ಷಣ ಆಗುಂಬೆಯ ತಿರುವಿನಲ್ಲಿ ಎಷ್ಟು ದೂರ ಎಂಬುದನ್ನು ಗಾಡಿ ಓಡಿಸುವವರಿಗೆ ನಾನು ಹೇಳಬೇಕಿಲ್ಲ. ಪೊಲೀಸರ ಊದುವ ಯಂತ್ರಕ್ಕೆ ಮಾತ್ರೆ ಸಿಕ್ಕಿಬೀಳುವುದೂ ಇಲ್ಲ.

ರಾತ್ರಿ ನುಂಗಿದರೆ ಬೆಳಿಗ್ಗೆ ಇಳಿದಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಿಪಿಎಂ ದೊಡ್ಡವರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ ಮಾತ್ರೆಯ ಅರ್ಧ ಭಾಗ ಮರುದಿನ ಸಂಜೆ ಐದರವರೆಗೂ ಮೈಯಲ್ಲಿಯೇ ಇರುತ್ತದೆ, ಆ ಹೊತ್ತಿಗೆ ನಾವು ಇನ್ನೊಂದನ್ನೋ ಎರಡನ್ನೋ ನುಂಗಿರುತ್ತೇವೆ.

ನಮ್ಮೂರಿನಲ್ಲಿ ಅಡಿಕೆ ಮರ ಹತ್ತುವ ಒಬ್ಬರು ಪ್ರತಿ ಮಳೆಗಾಲ ನನ್ನ ಹತ್ತಿರ ಸಿಪಿಎಂ ಕೇಳಿಕೊಂಡು ಬರುತ್ತಿದ್ದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಎಂದರೆ ನಿಮಗೆ ಗೊತ್ತು, ಮಳೆ ಒಂದು ಗಳಿಗೆ ಬಿಟ್ಟರೆ ಸಾಕು ಮರ ಹತ್ತಲೇಬೇಕು. ದಿನವಿಡೀ ನೆನೆದು ಶೀತ ಹಿಡಿಯುತ್ತದೆ, ಶೀತಕ್ಕೆ ಮಾತ್ರೆ, ಮಾತ್ರೆ ನುಂಗಿ ಮತ್ತೆ ಮರ. ಪಾಚಿ ಕಟ್ಟಿದ ಐವತ್ತು ಅಡಿಯ ಮರದ ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಮನುಷ್ಯ ಅವರು. ಒಂದು ವರ್ಷ ಅವರು ಬಂದಾಗ ಅಂಗೈಯ ಚರ್ಮ ಸುಲಿದಿತ್ತು, ಎದೆಯ ಮೇಲೆ ಉದ್ದಕ್ಕೆ ತರಚಿತ್ತು. ಕೈ ಜಾರಿ ಹತ್ತು ಹನ್ನೆರಡು ಅಡಿ ಮರವನ್ನು ಅಪ್ಪಿಕೊಂಡೇ ಕೆಳಗೆ ಬಂದಿದ್ದರು. "ಯಾಕೆ ಜಾರಿತು ಅಂತಲೇ ತಿಳೀಲಿಲ್ಲ ಸಾರ್, ನಿದ್ದೆ ಏನೂ ಬಂದಿರಲಿಲ್ಲ" ಎಂದರು. ಪಾಚಿಯಿಂದಲೂ ಜಾರಿರಬಹುದು, ಮಾತ್ರೆಯಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವರ ಅಂಗಿಯ ಜೇಬಿನಲ್ಲಿ ಒದ್ದೆಯಾದ ಸ್ಟ್ರಿಪ್ಪಿನಲ್ಲಿ ಆ ಬೆಳಗಿನ ಎರಡು ಮಾತ್ರೆ ಖಾಲಿಯಾಗಿದ್ದವು, ಆ ಸ್ಟ್ರಿಪ್ಪನ್ನು ಕೊಟ್ಟವನು ನಾನು. ಕೊಡುವಾಗ ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿರಲಿಲ್ಲ. ಅಂದಿನಿಂದ ಕೇಳತೊಡಗಿದೆ. ಮರ ಹತ್ತುವವರು, ಲಾರಿ ಮತ್ತು ಬಸ್ಸಿನ ಚಾಲಕರು, ಮರ ಕೊಯ್ಯುವ ಮಿಲ್ಲಿನವರು, ವಿದ್ಯುತ್ ಕಂಬ ಹತ್ತುವ ಲೈನ್‌ಮ್ಯಾನ್‌ಗಳು, ಪರೀಕ್ಷೆಗೆ ಓದುತ್ತಿರುವ ಮಕ್ಕಳು, ಇವರಿಗೆ ಅಲರ್ಜಿಯಿದ್ದರೆ ಮಂಪರು ತಾರದ ಔಷಧ ಬರೆಸಿಕೊಳ್ಳಿ ಎಂದು ಹೇಳುತ್ತೇನೆ. ಬರೀ ಶೀತವಾದರೆ ಬಿಸಿನೀರಿನ ಹಬೆ, ಉಪ್ಪುನೀರಿನಿಂದ ಮೂಗು ತೊಳೆಯುವುದು ಸಾಕು ಎನ್ನುತ್ತೇನೆ. ಮಾತ್ರೆಯ ಮೇಲೆ ಮದ್ಯ ಬಿದ್ದರೆ ಎರಡರ ಮಂಕೂ ಕೂಡಿಕೊಳ್ಳುತ್ತದೆ, ನಿದ್ದೆಗುಳಿಗೆಯ ಜೊತೆಯಲ್ಲಿಯೂ ಹಾಗೆಯೇ.

ಮಕ್ಕಳ ವಿಷಯದಲ್ಲಿ ನಿದ್ದೆಯನ್ನು ಗುಣವೆಂದು ತಿಳಿಯುವ ತಪ್ಪು ಇನ್ನೂ ಸುಲಭ, ಯಾಕೆಂದರೆ ಅಳುತ್ತಿದ್ದ ಮಗು ಮಲಗಿದರೆ ಮನೆಯವರೆಲ್ಲರಿಗೂ ನೆಮ್ಮದಿ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಮಗು ಗಲಾಟೆ ಮಾಡದಿರಲೆಂದು ಒಂದು ಚಮಚ ಸಿರಪ್ಪು ಕುಡಿಸುವವರು ಇಲ್ಲಿಯೂ ಇರಬಹುದು. ನಾನು ಯಾರನ್ನೂ ಬೈಯಲು ಬಂದಿಲ್ಲ, ಗೊತ್ತಿಲ್ಲದೆ ಮಾಡಿದ್ದು ಅದು. ಆದರೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಪ್ರೊಮೆಥಜೀನ್ ಉಸಿರಾಟವನ್ನೇ ಕುಗ್ಗಿಸಿ ಸಾವು ತಂದದ್ದುಂಟು. ಆ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ವಯಸ್ಸಿನವರಿಗೆ ಅದನ್ನು ಕೊಡಲೇಬಾರದೆಂದು ಚೌಕಟ್ಟಿನೊಳಗಿನ ಎಚ್ಚರಿಕೆ ಹಾಕಿಸಿದೆ. ನಮ್ಮ ದೇಶದಲ್ಲಿ ಸಿಪಿಎಂ ಮತ್ತು ಕಟ್ಟಿದ ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಸೇರಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ಲಿನ ಮೇಲೆ ಮುದ್ರಿಸುವಂತೆ ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದರು. ಕೆಲವು ಮಕ್ಕಳಲ್ಲಿ ಇದು ತಿರುಗಿ ಬಡಿಯುವುದೂ ಉಂಟು: ಮಲಗುವ ಬದಲು ಮಗು ರಾತ್ರಿಯಿಡೀ ಕಿರುಚಾಡುತ್ತದೆ, ಕುಣಿಯುತ್ತದೆ, ಔಷಧ ಸಾಲಲಿಲ್ಲವೆಂದು ಇನ್ನೊಂದು ಚಮಚ ಹಾಕುತ್ತಾರೆ. ಮಿತಿಮೀರಿದಾಗ ಬರುವುದು ನಿದ್ದೆಯಲ್ಲ. ಜ್ವರವಿಲ್ಲದೆ ಮೈ ಕಾಯುವುದು, ಕಣ್ಣಿನ ಪಾಪೆ ದೊಡ್ಡದಾಗುವುದು, ಫಿಟ್ಸ್, ಹೃದಯದ ಬಡಿತ ತಪ್ಪುವುದು.

ಚಮಚ ಎಂದೆನಲ್ಲ, ಅದನ್ನೂ ನೋಡಿ. ಈ ಬಾಟಲಿಯ ಮುಚ್ಚಳದಲ್ಲಿ ಗೆರೆಗಳಿವೆ, ಐದು ಮಿಲಿಲೀಟರಿಗೆ ಒಂದು ಗೆರೆ. ಅಡುಗೆಮನೆಯ ಚಮಚಗಳಲ್ಲಿ ಐದು ಹಿಡಿಯುವುದೂ ಇದೆ, ಹದಿನೈದು ಹಿಡಿಯುವುದೂ ಇದೆ. ಇನ್ನು ಡ್ರಾಪ್ಸ್ ಎಂದು ಬರುವ ಪುಟ್ಟ ಸೀಸೆಗಳಲ್ಲಿ ಒಂದು ಮಿಲಿಲೀಟರಿಗೆ 2 ಮಿಲಿಗ್ರಾಂ ಸಿಪಿಎಂ ಇರುವಂಥವಿವೆ. ಸಿರಪ್ಪಿನ ಹಲವು ಬಾಟಲಿಗಳಲ್ಲಿ ಅಷ್ಟು ಔಷಧ ಇರುವುದು ಐದು ಮಿಲಿಲೀಟರಿನಲ್ಲಿ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಐದು ಪಟ್ಟು ಹೋಯಿತು.

ಪತ್ರಿಕೆಯಲ್ಲಿ ಓದಿದ ಸಿರಪ್ಪಿನ ಸಾವುಗಳ ಬಗ್ಗೆ ಬಹಳ ಜನ ಕೇಳುತ್ತಾರೆ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ಭಾರತದಿಂದ ಹೋದ ನಾಲ್ಕು ಸಿರಪ್ಪುಗಳ ಮೇಲೆ ಬೊಟ್ಟು ಮಾಡಲಾಯಿತು, ಅವುಗಳಲ್ಲಿ ಒಂದು ಪ್ರೊಮೆಥಜೀನ್ ಸಿರಪ್ಪು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳ ಪ್ರಾಣ ತೆಗೆದ ಸಿರಪ್ಪಿನಲ್ಲಿ ಸಿಪಿಎಂ ಇತ್ತು. ಎರಡು ಕಡೆಯೂ ಕೊಂದದ್ದು ಆಂಟಿಹಿಸ್ಟಮಿನ್ ಅಲ್ಲ, ಅದರೊಳಗೆ ಬೆರೆತಿದ್ದ, ಮೂತ್ರಪಿಂಡವನ್ನು ಹಾಳುಮಾಡುವ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಆದರೂ ಆ ಪುಟ್ಟ ಮಕ್ಕಳ ಶೀತಕ್ಕೆ ಆ ಸಿರಪ್ಪೇ ಬೇಕಿರಲಿಲ್ಲವಲ್ಲ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಇನ್ನೊಂದು ಸಂದರ್ಭದಲ್ಲಿ ನಿದ್ದೆಯನ್ನು ಗುಣವೆಂದು ತಿಳಿಯುವುದು ಪ್ರಾಣಕ್ಕೇ ಬರುತ್ತದೆ. ತೋಟದಲ್ಲಿ ಹೆಜ್ಜೇನು ದಾಳಿ ಮಾಡಿದರೆ ಮನೆಯಲ್ಲಿರುವ ಅವಿಲ್ ಕೊಟ್ಟು ಮಲಗಿಸುವುದು ನಮ್ಮಲ್ಲಿ ರೂಢಿ. ಬರೀ ಊತ, ತುರಿಕೆ ಇದ್ದರೆ ಅವಿಲ್ ಒಳ್ಳೆಯದೇ. ಉಸಿರು ಕಟ್ಟುತ್ತಿದ್ದರೆ, ದನಿ ಒಡೆದಿದ್ದರೆ, ನಾಲಿಗೆ ತುಟಿ ಊದಿದ್ದರೆ, ತಲೆ ತಿರುಗಿ ಕುಸಿಯುತ್ತಿದ್ದರೆ ಬೇಕಾದದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು, ಅದೂ ಕೂಡಲೇ. ಅವಿಲ್ ಆ ಜಾಗವನ್ನು ತುಂಬುವುದಿಲ್ಲ. ಬಿದ್ದುಹೋದ ರಕ್ತದೊತ್ತಡವನ್ನು ಅದು ಏರಿಸಲಾರದು, ಮುಚ್ಚುತ್ತಿರುವ ಗಂಟಲನ್ನು ತೆರೆಯಲಾರದು. ಮಾತ್ರೆ ನುಂಗಿ ಮಲಗಿದವನನ್ನು ನೋಡಿ ನೋವು ಇಳಿದು ನಿದ್ದೆ ಬಂತು ಎಂದುಕೊಳ್ಳುವ ಹೊತ್ತಿಗೆ ಅವನು ಪ್ರಜ್ಞೆ ತಪ್ಪುತ್ತಿರಬಹುದು.

ನಿದ್ದೆ ಬಾರದವರು ಈ ಮಾತ್ರೆಗಳನ್ನೇ ನಿದ್ದೆಗೆ ಬಳಸುವುದರ ಬಗ್ಗೆ ಒಂದೆರಡು ಮಾತು ಸಾಕು. ದಿನಾ ನುಂಗಿದರೆ ಮೂರು ನಾಲ್ಕು ದಿನದಲ್ಲಿ ಮಿದುಳು ಒಗ್ಗಿಕೊಂಡು ನಿದ್ದೆ ಬರಿಸುವ ಗುಣ ಹೋಗುತ್ತದೆ, ಬಾಯಿ ಒಣಗುವುದು ಮತ್ತು ಮಲಬದ್ಧತೆ ಹಾಗೆಯೇ ಉಳಿಯುತ್ತವೆ. ಅಮೆರಿಕದ ನಿದ್ರಾವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ ನಿದ್ರಾಹೀನತೆಗೆ ಡೈಫೆನ್‌ಹೈಡ್ರಮಿನ್ ಬಳಸದಿರುವುದೇ ಒಳ್ಳೆಯದು ಎಂದಿದೆ.

ಈಗ ಅಸಿಟೈಲ್‌ಕೋಲಿನ್ ನೆನಪಿಸಿಕೊಳ್ಳಿ. ಕರುಳಿನ ಚಲನೆಗೆ, ಮೂತ್ರಕೋಶ ಹಿಂಡುವುದಕ್ಕೆ, ಕಣ್ಣಿನ ಪಾಪೆ ಕಿರಿದಾಗುವುದಕ್ಕೆ, ಮಿದುಳಿನಲ್ಲಿ ನೆನಪಿಗೆ ಅದು ಬೇಕು. ವಯಸ್ಸಾದಂತೆ ಅದರ ದಾಸ್ತಾನು ಕಡಿಮೆಯಾಗುತ್ತದೆ, ಔಷಧವನ್ನು ಹೊರಹಾಕುವ ಶಕ್ತಿಯೂ ಕುಗ್ಗುತ್ತದೆ. ಹೈಡ್ರಾಕ್ಸಿಜೀನ್ ಅರ್ಧಕ್ಕಿಳಿಯಲು ಪ್ರಾಯದವರಲ್ಲಿ ಸುಮಾರು 20 ಗಂಟೆ ಹಿಡಿದರೆ ಮುದುಕರಲ್ಲಿ ಸುಮಾರು 29 ಗಂಟೆ. ಪ್ರಾಸ್ಟೇಟ್ ದಪ್ಪಗಾದ ಗಂಡಸರಿಗೆ ಮೂತ್ರ ಕಟ್ಟಬಹುದು, ಒಂದು ಬಗೆಯ ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರಬಹುದು. ವೃದ್ಧರಿಗೆ ಕೊಡಬಾರದ ಔಷಧಗಳ ಪಟ್ಟಿಯನ್ನು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಪ್ರಕಟಿಸುತ್ತದೆ. ಬಿಯರ್ಸ್ ಪಟ್ಟಿ ಎಂದು ಅದರ ಹೆಸರು, ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್‌ಗಳು ಅದರಲ್ಲಿವೆ. ಸಿಯಾಟಲ್ ಪ್ರದೇಶದ 65 ದಾಟಿದ 3,434 ಜನರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಸಿಟೈಲ್‌ಕೋಲಿನ್ ತಡೆಯುವ ಔಷಧಗಳನ್ನು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಮರೆಗುಳಿತನ ಹೆಚ್ಚಾಗಿ ಕಂಡುಬಂತು. ಔಷಧವೇ ಕಾರಣವೆಂದು ಆ ಬಗೆಯ ಅಧ್ಯಯನ ಸಿದ್ಧಪಡಿಸಲಾರದು, ಆದರೆ ತಳ್ಳಿಹಾಕುವ ಮಾತೂ ಅಲ್ಲ.

ನನ್ನ ಅಮ್ಮನಿಗೆ ಆಗ 78 ವರ್ಷ. ಒಂದು ಮಳೆಗಾಲದಲ್ಲಿ ಅವರು ಸಂಜೆಯಾದರೆ, ಎಂದೋ ಮಾರಿದ ದನಗಳನ್ನು ಕೊಟ್ಟಿಗೆಗೆ ಕಟ್ಟಿದಿರಾ ಎಂದು ಕೇಳತೊಡಗಿದರು. ಸೊಸೆಯನ್ನು ಸತ್ತುಹೋದ ತಮ್ಮ ತಂಗಿಯ ಹೆಸರಿನಿಂದ ಕರೆದರು. ಹಗಲೆಲ್ಲ ಜಗಲಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಬಾಯಿ ಒಣಗಿ ಹಲ್ಲಿನ ಸೆಟ್ಟು ನಿಲ್ಲುತ್ತಿರಲಿಲ್ಲ. ವಯಸ್ಸಾಯಿತು, ಇನ್ನು ಹೀಗೆಯೇ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಜೀವನವಿಡೀ ಔಷಧ ಕೊಟ್ಟ ನಾನೂ ಒಪ್ಪಿಕೊಂಡಿದ್ದೆ. ಒಂದು ರಾತ್ರಿ ಬಚ್ಚಲಿನ ಹೊಸಿಲಲ್ಲಿ ಬಿದ್ದರು, ಮರುದಿನ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿತು, ಆಸ್ಪತ್ರೆಯಲ್ಲಿ ನಳಿಕೆ ಹಾಕಿ ತೆಗೆದರು. ಅಲ್ಲಿನ ಯುವ ವೈದ್ಯೆ ಅಮ್ಮನ ಔಷಧಗಳನ್ನೆಲ್ಲ ತರಲು ಹೇಳಿದಾಗ ಮನೆಗೆ ಬಂದು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಮೈ ತುರಿಕೆಗೆಂದು ಒಬ್ಬ ವೈದ್ಯರು ಬರೆದ ಹೈಡ್ರಾಕ್ಸಿಜೀನ್. ತಲೆಸುತ್ತಿಗೆಂದು ಇನ್ನೊಬ್ಬರು ಬರೆದ ಸಿನ್ನರಿಜಿನ್, ಅದೂ ಮಂಪರು ತರುವ ಆಂಟಿಹಿಸ್ಟಮಿನ್ನೇ. ಶೀತಕ್ಕೆಂದು ನನ್ನ ತಮ್ಮ ಪೇಟೆಯಿಂದ ತಂದ ಮಾತ್ರೆ, ಹಿಂದೆ ಸಣ್ಣ ಅಕ್ಷರದಲ್ಲಿ ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಮ್ಯಾಲಿಯೇಟ್. ಮೂರು ಕಾಯಿಲೆಗೆ ಮೂರು ಬಣ್ಣದ ಮೂರು ಸ್ಟ್ರಿಪ್ಪು, ಒಳಗೆ ಒಂದೇ ಜಾತಿಯ ಮೂರು ಔಷಧ. ಬರೆದ ಯಾರಿಗೂ ಉಳಿದೆರಡರ ವಿಷಯ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿದ್ದವನು ನಾನು.

ವೈದ್ಯೆ ಮೂರನ್ನೂ ಒಂದೊಂದಾಗಿ ನಿಲ್ಲಿಸಿದರು. ಹನ್ನೆರಡನೆಯ ದಿನ ಬೆಳಿಗ್ಗೆ ಅಮ್ಮ ಜಗಲಿಗೆ ಬಂದು, "ಬಿಸಿಲು ಬಂದಿದೆ, ಹಲಸಿನ ಹಪ್ಪಳ ಯಾಕೋ ಹಾಗೇ ಬಿಟ್ಟಿದ್ದೀರಿ, ಬೂಷ್ಟು ಹಿಡೀತದೆ" ಎಂದು ನನ್ನನ್ನು ಗದರಿದರು. ದನಗಳನ್ನು ಮತ್ತೆ ಕೇಳಲಿಲ್ಲ. ಎಲ್ಲರ ಮರೆವೂ ಹೀಗೆ ವಾಸಿಯಾಗುವುದಿಲ್ಲ. ನಿಮ್ಮ ಮನೆಯ ಹಿರಿಯರ ಔಷಧವನ್ನು ನೀವೇ ನಿಲ್ಲಿಸಬೇಡಿ, ಡಬ್ಬಿಯನ್ನು ಇಡಿಯಾಗಿ ಎತ್ತಿಕೊಂಡು ಹೋಗಿ ವೈದ್ಯರ ಎದುರು ಸುರಿಯಿರಿ. ತುರಿಕೆಯ ಕತೆ ಹೇಳುವುದು ಉಳಿಯಿತು. ಆ ವೈದ್ಯೆ ಅಮ್ಮನ ಕಾಲು ಸವರಿ ನೋಡಿ, ಚರ್ಮ ಒಣಗಿದ್ದರಿಂದ ಬಂದ ತುರಿಕೆ ಇದು, ಅಲರ್ಜಿಯಲ್ಲ ಎಂದರು. ಮಳೆಗಾಲದಲ್ಲಿ ಅಮ್ಮ ಹಂಡೆಯ ಸುಡುನೀರನ್ನು ಅರ್ಧ ಗಂಟೆ ಹೊಯ್ದುಕೊಳ್ಳುತ್ತಿದ್ದರು. ನೀರನ್ನು ಉಗುರುಬೆಚ್ಚಗೆ ಮಾಡಿ, ಮೈ ಒರೆಸಿದ ಕೂಡಲೇ ಚರ್ಮದಲ್ಲಿ ಪಸೆಯಿರುವಾಗ ಕೊಬ್ಬರಿ ಎಣ್ಣೆ ಹಚ್ಚತೊಡಗಿದೆವು. ಮೂರು ವಾರದಲ್ಲಿ ತುರಿಕೆ ನಿಂತಿತು.